ಹಲಗೆ ಹೆರೆಯುವ ಯಂತ್ರದ ಹಿಂದೆ ಒಂದು ಶನಿವಾರ

ಶನಿವಾರ ಬೆಳಿಗ್ಗೆ ಮಾಜಿವಾಡಾದಿಂದ ಠಾಣೆ ಸ್ಟೇಷನ್ನಿಗೆ ಶೇರ್ ರಿಕ್ಷಾದಲ್ಲಿ ಹೊರಟೆವು. ಜೊತೆಗಿದ್ದವನು ಶರಣಪ್ಪ, ಕಲಬುರಗಿ ಕಡೆಯವನು. ಘೋಡಬಂದರ್ ರಸ್ತೆಯ ಹೊಸ ಕಟ್ಟಡಗಳಲ್ಲಿ ಬಹಳ ವರ್ಷ ಬೇರೆಯವರ ಕೈಕೆಳಗೆ ಬಡಗಿ ಕೆಲಸ ಮಾಡಿದವನು. ಈ ಕಡೆಯ ಪದ್ಧತಿಯೆಂದರೆ ಸ್ವಂತ ಹತ್ಯಾರ, ಅಂದರೆ ಉಪಕರಣ, ಇದ್ದವನು ಮಿಸ್ತ್ರಿ, ಇಲ್ಲದವನು ಎಷ್ಟು ಪಳಗಿದ್ದರೂ ಹೆಲ್ಪರ್. ನಮ್ಮ ಬಿಲ್ಡಿಂಗಿನ ಕೆಳಗೆ ಹೋಟೆಲು ನಡೆಸುವ ಉಡುಪಿಯ ಶೆಟ್ಟರು ತಮ್ಮ ಹಳೆಯ ಸಾಗುವಾನಿ ಮೇಜುಗಳನ್ನು ಹೆರೆಸಿ ಹೊಸದು ಮಾಡಿಸಬೇಕೆಂದಿದ್ದರು. "ಸೋಮವಾರ ಮೆಷಿನ್ ತಕೊಂಡು ಬಾ, ಕೆಲಸ ನಿನಗೆ. ಇಲ್ಲದಿದ್ರೆ ಬೇರೆಯವರಿದ್ದಾರೆ" ಎಂದು ಶರಣಪ್ಪನಿಗೆ ಹೇಳಿದ್ದರು. ಸಿಕ್ಕಿದರೆ ಅದು ಅವನ ಹೆಸರಿನ ಮೊದಲ ಕೆಲಸ.

ಬೇಕಾಗಿದ್ದುದು ಹಲಗೆಯನ್ನು ಉದ್ದಕ್ಕೂ ಒಂದೇ ದಪ್ಪಕ್ಕೆ ಹೆರೆಯುವ ವಿದ್ಯುತ್ ಯಂತ್ರ. ಇಬ್ಬರು ಹಿಡಿದು ಎತ್ತುವಷ್ಟು ಭಾರ. ಹೊಸದರ ಬೆಲೆ ಅವನ ಕೈಗೆ ಎಟುಕುವಂಥದ್ದಲ್ಲ. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಒಂದು ಕಂಡಿತ್ತು. ಜಾಹೀರಾತು ಇಂಗ್ಲಿಷಿನಲ್ಲಿ, ಶರಣಪ್ಪನಿಗೆ ಓದಲು ಬರುವುದು ಕನ್ನಡ ಮಾತ್ರ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಓದಿ ಹೇಳಲು ಹೊರಟವನು. ಜಾಹೀರಾತಿನಲ್ಲಿ ಊರು ಠಾಣೆ ಎಂದಿತ್ತು. ಮಾರುವವನ ಹೆಸರು ಪ್ರಶಾಂತ್. ಕನ್ನಡದವನಿರಬಹುದೆಂದು ರಿಕ್ಷಾದಿಂದಲೇ ಫೋನ್ ಮಾಡಿ ಕನ್ನಡದಲ್ಲಿ ಕೇಳಿದೆ. ಅವನು ಹಿಂದಿಯಲ್ಲಿ ಉತ್ತರಿಸಿದ. "ಅಂಕಲ್, ಮೈ ಡ್ಯೂಟಿ ಪೆ ಹೂಂ. ಮಶೀನ್ ಡೊಂಬಿವಲಿ ಮೆ ಹೈ, ಲತಾ ಆಂಟಿ ಕೆ ಪಾಸ್." ತಾನು ಕೆಲಸದಲ್ಲಿದ್ದೇನೆ, ಯಂತ್ರವಿರುವುದು ಡೊಂಬಿವಲಿಯ ಲತಾ ಆಂಟಿಯ ಹತ್ತಿರ ಎಂದು ವಿಳಾಸ ಕಳಿಸಿ ಫೋನ್ ಇಟ್ಟ.

ಠಾಣೆಯಿಂದ ಡೊಂಬಿವಲಿಗೆ ಟಿಕೆಟು ಹತ್ತು ರೂಪಾಯಿ. ಸ್ಲೋ ಗಾಡಿ, ಶನಿವಾರವಾದ್ದರಿಂದ ನಿಲ್ಲಲು ಜಾಗವಿತ್ತು. ಮುಂಬ್ರಾ ದಾಟಿದ ಮೇಲೆ ಖಾಡಿಯ, ಅಂದರೆ ಹಿನ್ನೀರಿನ, ಗಾಳಿ ಬೀಸಿತು, ಅದೂ ಬಿಸಿಯಾಗಿತ್ತು.

ಲತಾ ಆಚಾರ್ಯರ ಮನೆ ಡೊಂಬಿವಲಿ ಪಶ್ಚಿಮದಲ್ಲಿ, ನೆಲಮಹಡಿ. ಮುಂದಿನ ಕೋಣೆಯೇ ಕಾರ್ಖಾನೆ. ಗಂಡ ಹೆಂಡತಿ ಇಬ್ಬರೂ ಫ್ಲ್ಯಾಟುಗಳಿಗೆ ದೇವರ ಮಂಟಪ ಮಾಡಿಕೊಡುತ್ತಾರೆ. ಗಂಡ ಮಂಟಪವೊಂದನ್ನು ಕೂರಿಸಲು ಬದಲಾಪುರಕ್ಕೆ ಹೋಗಿದ್ದರು. ಲತಾ ಒಂದು ಪುಟ್ಟ ಕಂಬಕ್ಕೆ ಮರಳು ಕಾಗದ ಉಜ್ಜುತ್ತಿದ್ದರು.

"ಮೆಷಿನ್ ನೋಡಲಿಕ್ಕೆ ಬಂದದ್ದು" ಎಂದೆ.

"ಎಂತಕ್ಕೆ?"

"ತೆಗೆದುಕೊಳ್ಳಲಿಕ್ಕೆ."

ಉಜ್ಜುವುದು ನಿಂತಿತು. "ಅದನ್ನು ಮಾರ್ತಾರೆ ಅಂತ ನಿಮಗೆ ಯಾರು ಹೇಳಿದ್ದು? ಅದು ಮಾರುವ ಸಾಮಾನೇ ಅಲ್ಲ."

ಫೋನ್ ತೆರೆದು ಜಾಹೀರಾತು ತೋರಿಸಿದೆ. ಚಿತ್ರದಲ್ಲಿ ಯಂತ್ರದ ಹಿಂದೆ ಕಾಣುತ್ತಿದ್ದುದು ಅವರ ಮನೆಯದೇ ಹಸಿರು ಗೋಡೆ. ಲತಾ ಅದನ್ನೂ ಗೋಡೆಯನ್ನೂ ನೋಡಿ, "ಆ ಪೋಕರಿ" ಎಂದಷ್ಟೇ ಹೇಳಿದರು. ಯಂತ್ರ ಆಗ ಅಲ್ಲಿರಲಿಲ್ಲ. ಇಲ್ಲಿಂದ ಹೋದದ್ದು ಕಲ್ಯಾಣದ ಬಡಗಿ ಶಿಂದೆಯ ಹತ್ತಿರ, ಅವನನ್ನೇ ಕೇಳಿ ಎಂದು ದಾರಿ ಹೇಳಿ, ತಾವೂ ಯಾರಿಗೋ ಫೋನ್ ಹಚ್ಚಿದರು. ಚಹಾ ಕೊಡಲಿಲ್ಲ. ಕರಾವಳಿಯವರ ಮನೆಯಲ್ಲಿ ಹಾಗಾದುದು ನನಗೆ ಇದೇ ಮೊದಲು.

"ಸರ್, ಮಾರ್ತಾರೋ ಇಲ್ಲೋ?" ಎಂದ ಶರಣಪ್ಪ, ಪ್ಲಾಟ್‌ಫಾರಂ ಮೇಲೆ. ನಾನು ಕಲ್ಯಾಣದ ಟಿಕೆಟು ಅವನ ಕೈಗಿಟ್ಟೆ.

ಕಲ್ಯಾಣ ಪೂರ್ವದಲ್ಲಿ ಶಿಂದೆಯ ಗಾಳಾ, ಅಂದರೆ ಶಟರ್ ಹಾಕಿದ ಸಣ್ಣ ಮಳಿಗೆ, ಹುಡುಕಲು ಊಟದ ಹೊತ್ತಾಯಿತು. ನೆಲದ ತುಂಬ ಹೆರೆದ ಪುಡಿ. ಶಿಂದೆ ನನ್ನ ಕನ್ನಡಕವನ್ನೂ ಜೇಬಿನ ಪೆನ್ನನ್ನೂ ನೋಡಿ, "ಇಥೆ ಮಶೀನ್ ನಾಹೀ. ಕಧೀಚ್ ನವ್ಹತೀ" ಎಂದ. ಇಲ್ಲಿ ಯಂತ್ರವಿಲ್ಲ, ಎಂದೂ ಇರಲಿಲ್ಲ.

ಮೇಲಿನ ಮನೆಯವರು ಸದ್ದಿನ ಬಗ್ಗೆ ದೂರು ಕೊಟ್ಟಿದ್ದರಂತೆ. ಅವನು ನನ್ನನ್ನು ನಗರಪಾಲಿಕೆಯವನೆಂದು ತಿಳಿದಿದ್ದ. ಶರಣಪ್ಪ ಸಮಾಧಾನ ಮಾಡಲು ಹೋಗಿ, "ನಹೀ ಭಾವು, ಯೆ ತೋ ಪೇಪರ್‌ವಾಲೆ ಹೈ" ಎಂದ. ಪತ್ರಿಕೆಯವರೆಂದು ಕೇಳಿದ್ದೇ ಶಿಂದೆ ಶಟರ್ ಎಳೆಯಲು ಕೈ ಹಾಕಿದ.

ನಾನು ಹೊರಗೆ ಹೋದೆ. ಎದುರಿನ ಅಂಗಡಿಯಲ್ಲಿ ವಡಾಪಾವ್ ತಿಂದು ಬರುವಷ್ಟರಲ್ಲಿ ಒಳಗೆ ಇಬ್ಬರೂ ಒಂದು ಬಾಗಿಲನ್ನು ಆಚೆ ಈಚೆ ಹಿಡಿದು ಗೋಡೆಗೆ ಒರಗಿಸುತ್ತಿದ್ದರು. ನಗುತ್ತಲೂ ಇದ್ದರು. ನಡುವೆ ಏನಾಯಿತೋ ತಿಳಿಯಲಿಲ್ಲ. ವಿಷಯ ಮಾತ್ರ ಶರಣಪ್ಪನ ಬಾಯಿಂದ ಬಂತು.

"ನಾಕು ಮಂದಿ ಕೂಡಿ ತೊಗೊಂಡಾರ್ರಿ. ಲತಾ ಅಕ್ಕ, ಇವ, ಕೋಪರ್‌ಖೈರಣೆದಾಗ ಮಹಾದೇವ ಅಂತ ಒಬ್ಬ, ಮತ್ತ ಆ ಪ್ರಶಾಂತ. ವಾರಕ್ಕೊಬ್ರಂತೆ ತಿರಗತದ. ಪ್ರಶಾಂತಗ ಮಾಲ್‌ದಾಗ ನೌಕ್ರಿ ಹತ್ಯಾದ, ತನ್ನ ಪಾಲು ಮಾರಬೇಕಂತಾನ."

"ಹಾಗಾದರೆ ಇಡೀ ಯಂತ್ರ ಯಾಕೆ ಹಾಕಿದ?"

ಇದನ್ನು ಪ್ರಶಾಂತನನ್ನೇ ಕೇಳಿದೆ. "ಅಂಕಲ್, ಆ್ಯಪ್ ಮೆ ಪಾವ್ ಮಶೀನ್ ಕಾ ಆಪ್ಷನ್ ಹೀ ನಹೀ ಹೈ" ಎಂದ. ಕಾಲು ಯಂತ್ರ ಮಾರಲು ಅದರಲ್ಲಿ ಜಾಗವಿಲ್ಲ. ಮೂವರ ಮುಕ್ಕಾಲನ್ನೂ ಸೇರಿಸಿ ಹಾಕಿ, ಗಿರಾಕಿ ಬಂದ ಮೇಲೆ ವಿವರಿಸಿದರಾಯಿತು ಎಂದುಕೊಂಡಿದ್ದ. ಅದರಲ್ಲಿ ತಪ್ಪೇನಿದೆ ಎಂಬುದು ಅವನಿಗೆ ಕೊನೆಗೂ ಹೊಳೆದಂತೆ ಕಾಣಲಿಲ್ಲ.

ಮನೆಗೆ ಹೋಗೋಣವೇ ಎಂದೆ. ಶರಣಪ್ಪ ಆಗಲೇ ಸ್ಟೇಷನ್ನಿನ ಕಡೆ ನಡೆಯುತ್ತಿದ್ದ. ಮಹಾದೇವನ ಸರದಿ ನಾಳೆ ಮುಗಿಯುತ್ತದೆ, ಮುಂದಿನ ವಾರ ಪ್ರಶಾಂತನದು. ಆ ಪಾಲು ಸಿಕ್ಕಿದರೆ ಸೋಮವಾರ ಯಂತ್ರ ತನ್ನ ಕೈಯಲ್ಲಿ ಎಂದು ಅವನು ಲೆಕ್ಕ ಹಾಕಿದ್ದ. ಪ್ರಶಾಂತನಂತೂ ಫೋನಿನಲ್ಲೇ ಒಪ್ಪಿದ್ದ. ಉಳಿದ ಮೂವರು ಒಪ್ಪಬೇಕಿತ್ತು.

ಕಲ್ಯಾಣದಿಂದ ಠಾಣೆಗೆ ಹಿಂದಿರುಗಿ, ಸೇತುವೆ ಹತ್ತಿಳಿದು, ನವಿ ಮುಂಬಯಿಯ ಗಾಡಿ ಹಿಡಿದೆವು. ಕೋಪರ್‌ಖೈರಣೆಯ ಒಂದು ಸಾಲುಮನೆಯ ಮುಂದೆ ನಿಂತಾಗ ಯಂತ್ರದ ಸದ್ದು ಬೀದಿಗೇ ಕೇಳಿಸುತ್ತಿತ್ತು. ದಿನದಲ್ಲಿ ಮೊದಲ ಬಾರಿಗೆ ಒಂದು ಸಂಗತಿ ಖಚಿತವಾಯಿತು: ಯಂತ್ರವಿದೆ.

ಮಹಾದೇವ ವಿಜಯಪುರದವನು, ದಪ್ಪ ಮೀಸೆ, ಮೀಸೆಯ ಮೇಲೂ ಮರದ ಪುಡಿ. ಸುದ್ದಿ ಅವನಿಗೆ ಮುಟ್ಟಿತ್ತು. ಯಂತ್ರ ನಿಲ್ಲಿಸಿ, ಡೊಂಬಿವಲಿಗೂ ಕಲ್ಯಾಣಕ್ಕೂ ಒಟ್ಟಿಗೆ ಫೋನ್ ಹಚ್ಚಿ ಹಲಗೆಯ ಮೇಲಿಟ್ಟ.

"ಬಂದಾನ ಅಕ್ಕಾ. ಏನ್ ಕೇಳ್ತಿ ಕೇಳು."

"ಅವನಿಗೆ ಕೆಲಸ ಎಂತ ಉಂಟು, ಅದನ್ನು ಕೇಳು" ಎಂದಿತು ಲತಾರ ದನಿ. ಮಹಾದೇವ ಶರಣಪ್ಪನತ್ತ ನೋಡಿದ. "ಹೊಸಾ ಮರ ಏನ?"

ಪ್ರಶಾಂತ್ ಹಿಂದೊಮ್ಮೆ ಹಳೆಯ ಕಿಟಕಿಯ ಚೌಕಟ್ಟನ್ನು ಯಂತ್ರಕ್ಕೆ ಕೊಟ್ಟಾಗ, ಒಳಗಿದ್ದ ಮೊಳೆಗೆ ಬ್ಲೇಡುಗಳು ಹಲ್ಲುಹಲ್ಲಾಗಿದ್ದವು. ಅಂದಿನಿಂದ ಹಳೆಯ ಮರ ಕೂಡದು ಎಂಬ ಕಟ್ಟಳೆ. ಇದನ್ನು ಶಿಂದೆಯೇ ಶರಣಪ್ಪನಿಗೆ ಹೇಳಿದ್ದ. ಗಾಡಿಯಲ್ಲಿ ಅವನು ನನಗೂ ಹೇಳಿದ್ದ. ಹೊಸ ಮರ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಹಾಗೇ ಹೇಳುತ್ತಾನೆಂದುಕೊಂಡೆ.

"ಹಳೇದ್ರಿ. ಹೋಟೆಲ್ ಮೇಜು. ಮೊಳಿ ಬಹಳ ಅವ."

ಮಹಾದೇವ ಅಡ್ಡ ತಲೆ ಆಡಿಸಿದ. "ಮತ್ಯಾಕ ಬಂದಿಪಾ ಇಷ್ಟು ದೂರ?"

"ಮೊಳಿ ಎಲ್ಲಾ ಕೀಳ್ತೀನ್ರಿ. ಕಿತ್ತ ಮ್ಯಾಲ ನೀವೇ ನೋಡ್ರಿ. ಒಂದು ಉಳದ್ರೂ ಮಶೀನ್ ತರಬ್ಯಾಡ್ರಿ."

ಫೋನಿನಲ್ಲಿ ಶಿಂದೆ ಕೆಮ್ಮಿದ. ಆಮೇಲೆ ಲತಾ, "ನಾಳೆ ನಾನು ಆಯಸ್ಕಾಂತ ಹಿಡ್ಕೊಂಡು ಬರ್ತೇನೆ. ಒಂದೊಂದು ಹಲಗೆಯ ಮೇಲೂ ಎಳೀತೇನೆ. ಅಂಟಿದ್ರೆ ಇಲ್ಲ, ಅಂಟದಿದ್ರೆ ಹೌದು. ಹೋಟೆಲ್‌ನಲ್ಲಿ ಒಳ್ಳೆ ಕಾಫಿ ಉಂಟಾ?" ಎಂದರು.

"ಅದಕ್ಕ ಇವರು ಸಾಕ್ಷಿ" ಎಂದು ಶರಣಪ್ಪ ನನ್ನನ್ನು ತೋರಿಸಿದ.

ಉಳಿದಿಬ್ಬರೂ ಒಪ್ಪಿದರು, ಮಹಾದೇವ ಬೆಲ್ಲದ ಚಹಾ ಕೊಟ್ಟ. ನಾವು ಬರಿಗೈಯಲ್ಲಿ ಠಾಣೆಗೆ ಮರಳಿದೆವು. ಕೊಂಡೆವೋ ಇಲ್ಲವೋ ಎಂದು ಗಾಡಿಯಲ್ಲಿ ಯಾರಾದರೂ ಕೇಳಿದ್ದರೆ ನನ್ನಲ್ಲಿ ಒಂದು ಸಾಲಿನ ಉತ್ತರವಿರಲಿಲ್ಲ. ಡೆಸ್ಕಿನಲ್ಲಾಗಿದ್ದರೆ ಇಂಥ ವರದಿಯನ್ನು ನಾನು ವಾಪಸು ಕಳಿಸುತ್ತಿದ್ದೆ.

ಸಂಜೆ ಹೋಟೆಲಿನಲ್ಲಿ ಗಿರಾಕಿಗಳಿದ್ದರು. ಶೆಟ್ಟರು ಗಲ್ಲಾದಿಂದಲೇ, "ಎಲ್ಲಿ ಮಾರಾಯ ಮೆಷಿನ್?" ಎಂದರು.

"ಮೊಳಿ ಎಲ್ಲಾ ಹೊರಗ ಬಂದ್ರ ನಾಳಿ ಬರ್ತದ್ರಿ. ಬರ್ಲಿಲ್ಲಂದ್ರ ಇಲ್ರಿ" ಎಂದು ಶರಣಪ್ಪ ಮೂಲೆಯ ಖಾಲಿ ಮೇಜನ್ನು ಬುಡಮೇಲು ಮಾಡಿ, ಇಕ್ಕಳ ಹಾಕಿ ಎಳೆದ. ಮೊದಲ ಮೊಳೆ ಕಿರ್ರೆಂದು ಹೊರಬಂತು. ತಿನ್ನುತ್ತಿದ್ದವರು ತಿರುಗಿ ನೋಡಿದರು.

ಶೆಟ್ಟರು ಎದ್ದು ಬಂದರು. ಒಂದೆರಡು ಮೊಳೆ ಬರುವವರೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಕಿಟಕಿಯ ಬಳಿ ಕಾಫಿ ಕುಡಿಯುತ್ತಿದ್ದ ಇಬ್ಬರನ್ನು ಲೋಟ ಸಮೇತ ಪಕ್ಕಕ್ಕೆ ಎಬ್ಬಿಸಿ, ಆ ಮೇಜನ್ನು ತಾವೇ ಎಳೆದು ತಂದು ಕಾಲು ಮೇಲೆ ಮಾಡಿದರು.

"ಇದರಲ್ಲಿ ಜಾಸ್ತಿ ಉಂಟು ಮಿಸ್ತ್ರಿ" ಎಂದರು. "ಇದನ್ನು ಮೊದಲು ನೋಡು."