ಫೋರ್‌ವೀಲ್ ಡ್ರೈವ್ ಹಾಕಿದ್ದ ಗಾಡಿ

ಅಮೆರಿಕದ ನಾರ್ತ್‌ವಿಲ್ ಊರು ದಾಟಿದೆವು, ಅಲ್ಲಿನ ಸಿಗ್ನಲ್‌ನಲ್ಲಿ ನಡೆದದ್ದಕ್ಕೆ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಬೆಳಿಗ್ಗೆಯಿಂದ ಹಿಮ ಬೀಳುತ್ತಿತ್ತು. ಗಾಡಿ ಓಡಿಸುತ್ತಿದ್ದವರು ನನ್ನ ತಂಗಿಯ ಗಂಡ ಶ್ರೀಧರ್. ಮುಂದಿನ ಗಾಜು ಒಳಗಿನಿಂದ ಮಬ್ಬಾಗಿತ್ತು. ಅದನ್ನು ಅಂಗೈಯಲ್ಲಿ ಒರೆಸುತ್ತಲೇ ಅವರು ಜೋರಾಗಿ ಹೋಗುತ್ತಿದ್ದರು.

“ನಿಧಾನಕ್ಕೆ ಹೋಗಿ ಶ್ರೀಧರ್” ಎಂದೆ.

“ಫೋರ್‌ವೀಲ್ ಡ್ರೈವ್ ಹಾಕಿದೀನಿ ಅಕ್ಕ, ನಾಲ್ಕೂ ಚಕ್ರ ಎಳೀತವೆ, ಏನೂ ಆಗಲ್ಲ.”

ಸಿಗ್ನಲ್ ಕೆಂಪಾಯಿತು. ಬ್ರೇಕ್ ಒತ್ತಿದರೂ ಗಾಡಿ ಜಾರುತ್ತಲೇ ಹೋಗಿ, ರಸ್ತೆ ದಾಟುತ್ತಿದ್ದ ವಯಸ್ಸಾದ ಹೆಂಗಸಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಆಕೆ ಬಾನೆಟ್ ಮೇಲೆ ಕೈಯೂರಿ ನಿಂತುಬಿಟ್ಟರು.

ಶ್ರೀಧರ್ ಮಗಳು ಮೇಘನಾ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಹಿಂದಿನ ಸೀಟಿನಿಂದ ಬಾಗಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ, ಗಾಜಿನತ್ತ ಬಿಸಿಗಾಳಿ ಬಿಟ್ಟು ಎಸಿಯನ್ನೂ ಹಾಕಿದಳು. ಆ ಚಳಿಯಲ್ಲಿ ಎಸಿ ಯಾಕೆಂದು ನನಗೆ ತಿಳಿಯಲಿಲ್ಲ. ಗಾಜು ಮಾತ್ರ ನಿಮಿಷದಲ್ಲೇ ತಿಳಿಯಾಯಿತು.

“ಡ್ಯಾಡ್, ಫೋರ್‌ವೀಲ್ ಹೆಲ್ಪ್ಸ್ ಯು ಗೋ, ನಾಟ್ ಸ್ಟಾಪ್.”

“ನಂಗೊತ್ತು, ಸುಮ್ನಿರು” ಎಂದು ಅವಳನ್ನೇ ಗದರಿದರು.

ನಾನು ಇಳಿದು ಆ ಹೆಂಗಸನ್ನು ರಸ್ತೆ ದಾಟಿಸಿ ಅಲ್ಲೇ ನಿಂತೆ. “ಗಾಡಿ ಪಕ್ಕಕ್ಕೆ ಹಾಕಿ ಬನ್ನಿ. ಇವರಿಗೆ ಸಾರಿ ಹೇಳೋವರ್ಗೂ ನಾನು ಹತ್ತಲ್ಲ.”

ಶ್ರೀಧರ್ ಕೋಟು ಕೂಡ ಹಾಕಿಕೊಳ್ಳದೆ ಬಂದರು. ತಲೆ ತಗ್ಗಿಸಿ ಗೊಣಗಿದ ‘ಸಾರಿ’ ಗಾಳಿಯಲ್ಲಿ ಆಕೆಗೆ ಕೇಳಿಸಲಿಲ್ಲ. ಎರಡನೇ ಸಲ ಗಟ್ಟಿಯಾಗಿ ಹೇಳಬೇಕಾಯಿತು.