ಮಿಸಿಸಿಪ್ಪಿಯ ನೆರೆಯಾಕೆ

ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದವರು ಮಿಸಿಸಿಪ್ಪಿ ರಾಜ್ಯದಿಂದ ಬಂದ ಕಪ್ಪು ಜನಾಂಗದ ಅಜ್ಜಿ. ಗುಲಾಮಗಿರಿಯ ಕಾಲದಲ್ಲಿ ಅವರ ಮುತ್ತಜ್ಜಿಯನ್ನು ಮಗುವಾಗಿದ್ದಾಗಲೇ ತಾಯಿಯಿಂದ ಕಿತ್ತು ಮಾರಿದ್ದರಂತೆ. ಓಟು ಹಾಕಲು ಹೊರಟ ತಂದೆಯ ಮನೆಗೆ ಬಿಳಿಯರು ಬೆಂಕಿ ಹಚ್ಚಿದ್ದರಂತೆ. ಊರು ಬಿಟ್ಟು ಇಲ್ಲಿಗೆ ಬಂದರೆ, ಹತ್ತಿರದ ಸಿರಿವಂತರ ಮರ್ಸರ್ ಐಲ್ಯಾಂಡಿನಲ್ಲಿ ಬ್ರೋಕರ್ ಇವರ ಮುಖ ನೋಡಿ, ಮನೆ ಆಗಲೇ ಮಾರಾಟವಾಯಿತು ಎಂದನಂತೆ. ಇದನ್ನೆಲ್ಲ ಅವರು ನಮ್ಮ ಅಡುಗೆಮನೆಯಲ್ಲಿ ಕೂತು, ಚಹಾ ಕುಡಿಯುತ್ತಾ ಹೇಳಿದ್ದರು.

ಒಂದು ಭಾನುವಾರ ಅವರು ಎದ್ದು ಹೊರಡುವ ಹೊತ್ತಿಗೆ ನನ್ನ ಬೆಂಗಳೂರಿನ ಗೆಳತಿ ಬಂದಳು. ಅಜ್ಜಿ ಇನ್ನೂ ಬಾಗಿಲಲ್ಲಿದ್ದಾಗಲೇ ಕೇಳಿದಳು: "ಇಂಥೋರು ಪಕ್ಕದಲ್ಲಿದ್ರೆ ಸೇಫಾ? ಇಸ್ಸಾಕ್ವಾ ಕಡೆ ನಮ್ಮೋರೇ ಇದಾರೆ, ಅಲ್ಲಿಗೆ ಶಿಫ್ಟ್ ಆಗ್ಬಾರ್ದಾ?"

ಅಜ್ಜಿಗೆ ಕನ್ನಡ ಬಾರದು. ಆದರೆ ಆ 'ಸೇಫ್' ಎಂಬ ಇಂಗ್ಲಿಷ್ ಪದ, ಆ ನೋಟ ಸಾಕಾಯಿತು. ಅರೆಕ್ಷಣ ನಿಂತು, ತಿರುಗಿ ನೋಡದೆ ಹೋದರು.

ನಾನು ಗೆಳತಿಯ ಕಡೆ ತಿರುಗಿದೆ. "ಬೆಂಗಳೂರಲ್ಲಿ ನಾವು ಮುಸ್ಲಿಮರು ಅಂತ ಗೊತ್ತಾದ ತಕ್ಷಣ ಮನೆ ಖಾಲಿ ಇಲ್ಲ ಅಂದೋರೂ ಹೀಗೇ ಕೇಳಿರ್ತಾರೆ ಕಣೇ," ಎಂದೆ.

"ಅಯ್ಯೋ, ನೀವು ಓದಿದೋರು, ನಿಮ್ಮ ವಿಷ್ಯ ಬೇರೆ ಬಿಡು," ಎಂದು ನಕ್ಕಳು.

ಆಮೇಲೆ ಎಷ್ಟು ಕರೆದರೂ ಅಜ್ಜಿ ಬರಲಿಲ್ಲ. ಎದುರು ಸಿಕ್ಕಾಗ ಮಳೆ, ಚಳಿ ಎಂದು ಎರಡು ಮಾತಾಡಿ ಮುಂದೆ ಹೋಗುತ್ತಿದ್ದರು.