ಕೇಳಬಾರದಿದ್ದ ಹಾದಿ

ನನ್ನ ಮೈದುನ ಪರದೇಶಗಳಲ್ಲಿ ನಮ್ಮ ದೇಶದ ಪರವಾಗಿ ಮಾತಾಡುವ ನೌಕರಿಯಲ್ಲಿದ್ದ. ರಾಯಭಾರಿಯಾದ, ಆಮೇಲೆ ದಿಲ್ಲಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತನಾದ. ಅವನ ಹೆಸರು ತೆಗೆದರೆ ಊರಿನವರು ಎದೆ ಉಬ್ಬಿಸುತ್ತಾರೆ. ನಾನು ಉಬ್ಬಿಸುವುದಿಲ್ಲ. ಅವನ ಕಸುಬು ಎಂಥದೆಂದು ಒಂದು ಮುಂಜಾನೆ ಹೊಲದ ಬದುವಿನ ಮೇಲೆ ನಿಂತು ನೋಡಿದ್ದೇನೆ.

ನಮ್ಮ ಎರೆಮಣ್ಣಿನ ಹೊಲಕ್ಕೆ ಹೋಗಬೇಕಾದರೆ ಬಾಜು ಹೊಲದವನ ಬದುವಿನಗುಂಟ ಹೋಗಬೇಕು. ಇನ್ನೊಂದು ದಾರಿ ಹಳ್ಳದ ಕಡೆಯದು. ಮಳೆ ಬಿತ್ತೆಂದರೆ ಅಲ್ಲಿ ಟ್ರ್ಯಾಕ್ಟರಿನ ಗಾಲಿ ಅರ್ಧ ಹೂತುಹೋಗುತ್ತದೆ. ನಮ್ಮ ಅತ್ತೆ, ಅವರ ಅತ್ತೆ, ಎಲ್ಲರೂ ಬದುವಿನಗುಂಟವೇ ಹೋದವರು, ಯಾರನ್ನೂ ಕೇಳದೆ. ನಮ್ಮ ಕಡೆ ಹೊಲದ ಹಾದಿ ಕೇಳುವುದಿಲ್ಲ, ಸುಮ್ಮನೆ ಹೋಗುತ್ತೇವೆ. ಒಮ್ಮೆ ಕೇಳಿದರೆ ಹಾದಿ ಅವನದೆಂದು ಒಪ್ಪಿಕೊಂಡ ಹಾಗೆ.

ಹೋದ ವರ್ಷ ಹೆಸರುಕಾಳು ಬಿತ್ತುವ ಹೊತ್ತಿಗೆ ಬಾಜು ಹೊಲದವನು ಬದುವಿಗೆ ಅಡ್ಡ ಜಾಲಿಮುಳ್ಳು ಎಳೆದ. ನಾನು ಕಿತ್ತು ಒಗೆದೆ. ಮತ್ತೆ ಹಾಕಿದ, ಮತ್ತೆ ಒಗೆದೆ. ಹೀಗೇ ನಡೆದಿದ್ದರೆ ಅವನೇ ಬೇಸತ್ತು ಬಿಡುತ್ತಿದ್ದ. ಅಷ್ಟರಲ್ಲಿ ಮೈದುನ ಊರಿಗೆ ಬಂದ.

“ವೈನಿ, ನೀವು ಸುಮ್ನಿರ್ರಿ. ನಾ ಮಾತಾಡ್ತೀನಿ,” ಅಂದ.

“ಮಾತಾಡೂದೇನೈತಿ? ಮುಳ್ಳ ತಗೀಲೇ ಅನ್ನು, ಸಾಕು.”

“ಹಂಗಂದ್ರ ಜಗಳ ಆಗತೈತ್ರಿ.”

“ಆಗ್ಲಿ. ಜಗಳಾ ಮಾಡಿ ಯಾರೂ ಸತ್ತಿಲ್ಲ.”

ಕೇಳಲಿಲ್ಲ. ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಹೊರಟ. ನಾನೂ ಹಿಂದೆ ಹೋದೆ. ಬಾಜು ಹೊಲದವನು ಬಾಯಿ ತೆರೆಯುವ ಮೊದಲೇ ಇವನು ಎರಡೂ ಕೈ ಜೋಡಿಸಿದ.

“ನಿಮ್ಮ ಹೊಲದಾಗ ಹಾಯ್ದು ಹೋಗಾಕ ನಮ್ಮ ವೈನಿಗೆ ದಯಮಾಡಿ ಅವಕಾಶ ಕೊಡ್ರಿ. ನಿಮ್ಮ ಉಪಕಾರ ಮರೆಯಂಗಿಲ್ಲ.”

ಬಾಜು ಹೊಲದವನು ಇವನ ಮುಖ ನೋಡಿದ. ಆಮೇಲೆ ನಕ್ಕ.

“ಸಾಹೇಬ್ರ, ನೀವು ಇಷ್ಟು ಕೇಳಿಕೊಂಡ ಮ್ಯಾಲೆ ಒಲ್ಲೆ ಅನ್ನಾಕ ಆಗತೈತೇನ್ರಿ?” ಎಂದು ತಾನೇ ಮುಳ್ಳು ಸರಿಸಿದ. ಹೊಲ ಹಸನು ಮಾಡುತ್ತಿದ್ದ ತನ್ನ ಆಳುಗಳಿಗೆ ಕೂಗಿ ಹೇಳಿದ: “ಕೇಳಿದ್ರೇನ್ಲೇ? ಸಾಹೇಬ್ರು ಹಾದಿ ಕೇಳ್ಯಾರ, ನಾ ಕೊಟ್ಟೀನಿ.”

ತಿರುಗಿ ಬರುವಾಗ ಮೈದುನ ಖುಷಿಯಲ್ಲಿದ್ದ. “ನೋಡ್ರಿ ವೈನಿ, ಎರಡ ಮಾತಿನ್ಯಾಗ ಮುಗೀತು.”

“ಮುಗೀತಪಾ. ನಿಮ್ಮಪ್ಪ ತುಳಿದ ಹಾದಿ ಮುಗೀತು.”

“ಹಾದಿ ಸಿಕ್ತಲ್ರಿ?”

“ನಮ್ಮದು ನಮಗ ಸಿಗೂದೇನು ಬಂತು? ದೇಶದ್ದೂ ಹಿಂಗ ಬೇಡ್ಕೋಂತ ತಿರಗ್ಯಾಡಿದ್ಯೇನು?”

ಅವನ ಮುಖ ಕಪ್ಪಿಟ್ಟಿತು. ಮರುದಿನ ಕುಂದಗೋಳದಲ್ಲಿ ಅವನಿಗೆ ಶಾಲು ಹೊದಿಸಿದರು. ಊರಿನ ಜಗಳವನ್ನೂ ಮಾತಿನಲ್ಲೇ ಬಗೆಹರಿಸಿದ ಹಿರಿಯರು ಎಂದು ಭಾಷಣ ಮಾಡಿದರಂತೆ. ನಾನು ಹೋಗಲಿಲ್ಲ. ಅವನು ಅಲ್ಲಿಂದಲೇ ಕಾರು ಹತ್ತಿ ಬೆಂಗಳೂರಿಗೆ ಹೋದ.

ಈಗ ನನ್ನ ಮಗ ಬದುವಿನ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿ, ಬಾಜು ಹೊಲದವನನ್ನು ಕೇಳಿಯೇ ಮುಂದೆ ಹೋಗುತ್ತಾನೆ. ನಾನು ಬೈದರೆ, “ಕಾಕಾನ ಹಾದಿ ಕೇಳ್ಯಾನ, ನಂದೇನೈತಿ ಬೇ?” ಅನ್ನುತ್ತಾನೆ. ಈ ಸಲ ಬಿತ್ತಲು ಹೋದ ದಿನ ಆ ಮನುಷ್ಯ, “ಇವತ್ತ ಬ್ಯಾಡ್ರಿ, ಬದು ಹಸಿ ಐತಿ, ನಾಳೆ ಬರ್ರಿ,” ಅಂದ. ನನ್ನ ಮಗ ಹೂಂ ಅಂದು, ಬೀಜದ ಚೀಲಗಳ ಸಮೇತ ಮನೆಗೆ ವಾಪಸು ಬಂದ.